ಕೆಸರು ಕೊನೆಗೂ ಒದ್ದೆಯಾಯಿತು: ಜೌಗಿನ ಎಣ್ಣೆಬಣ್ಣದ ಟಿಪ್ಪಣಿ

ಕಡಲತೀರದ ಜೌಗಿನ ಚಿತ್ರದಲ್ಲಿ ಇಳಿತದ ಹೊತ್ತಿನ ಹಸಿ ಕೆಸರು ಕೊನೆಗೂ ಹಸಿ ಕೆಸರಿನ ಹಾಗೇ ಬಂತು. ಆಕಾಶ, ದೂರದ ಹುಲ್ಲಿನ ಪಟ್ಟೆ, ತೋಡಿನ ತಿರುವು ಎಲ್ಲ ಮಾಮೂಲಿ ಕ್ರಮದಲ್ಲೇ ಮುಗಿದವು, ಅವುಗಳ ಸುದ್ದಿ ಇಲ್ಲಿಲ್ಲ. ನೀರು ಹಿಂದೆ ಸರಿದ ಮೇಲೆ ತೋಡಿನ ಎರಡೂ ಬದಿಗೆ ಬತ್ತಲಾಗುವ ಆ ಕಂದು ಪಟ್ಟಿಯದ್ದೇ ತಕರಾರು. ಸ್ವಲ್ಪ ಹೊಳಪು ಹೆಚ್ಚಾದರೆ ಅದು ನೀರಾಗಿ ಕಾಣುತ್ತದೆ, ತೋಡು ಇದ್ದಕ್ಕಿದ್ದಂತೆ ಎರಡು ಪಟ್ಟು ಅಗಲವಾಗುತ್ತದೆ. ಹೊಳಪು ತೆಗೆದರೆ ಒಣಗಿದ ಸಿಮೆಂಟ್. ಎರಡರ ಮಧ್ಯೆ ನಿಲ್ಲಿಸೋಣ ಎಂದು ತೇಯುತ್ತ ಕೂತರೆ ಪ್ಯಾನೆಲ್ ಮೇಲೇ ನಿಜವಾದ ಕೆಸರು ತಯಾರು. ಕೆಸರು ಬಿಡಿಸಲು ಬಣ್ಣವನ್ನು ಕೆಸರು ಮಾಡಬಾರದು ಅನ್ನುವುದೇ ಈ ವಿಷಯದ ದೊಡ್ಡ ತಮಾಷೆ.

ಮೊದಲು ಕಾರಣ. ಒದ್ದೆಯಾದ ಮಣ್ಣಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ, ಒಂದಕ್ಕೊಂದು ವಿರುದ್ಧವಾಗಿ. ಕಣಗಳ ನಡುವೆ ನೀರು ತುಂಬಿದಾಗ ಬೆಳಕು ಹೆಚ್ಚು ಒಳಹೊಕ್ಕು ಅಲ್ಲೇ ಕಳೆದುಹೋಗುತ್ತದೆ, ಹಾಗಾಗಿ ಮಣ್ಣಿನ ಸ್ವಂತ ಬಣ್ಣ ಗಾಢವಾಗುತ್ತದೆ. ಅದೇ ನೀರಿನ ತೆಳು ಪೊರೆ ಮೇಲೆ ಆಕಾಶವನ್ನು ಪ್ರತಿಫಲಿಸುತ್ತದೆ, ಹಾಗಾಗಿ ಮೇಲ್ಮೈ ತಿಳಿಯಾಗುತ್ತದೆ. ಒದ್ದೆ ಎಂದರೆ ಒಂದು ಬಣ್ಣವಲ್ಲ, ಒಂದರ ಮೇಲೊಂದು ಕೂತ ಎರಡು ಟೋನ್, ಅಂದರೆ ತಿಳಿ-ಗಾಢದ ಎರಡು ಮಟ್ಟ. ಪ್ಯಾಲೆಟ್ ಮೇಲೆ ‘ಒದ್ದೆ ಕೆಸರಿನ ಬಣ್ಣ’ ಅಂತ ಒಂದೇ ಗುಡ್ಡೆ ಬೆರೆಸಿಟ್ಟುಕೊಂಡರೆ ಯಾವತ್ತೂ ಕೆಲಸ ಮಾಡದಿರುವುದು ಇದಕ್ಕೇ.

ಇನ್ನು ಹೊಳಪು ಎಲ್ಲಿ ಬೀಳಬೇಕು ಎಂಬುದು. ಇಡೀ ಗಂಟು ಬಿಚ್ಚಿದ್ದು ಇಲ್ಲಿಯೇ. ನೀರಿನ ಮೇಲ್ಮೈಯನ್ನು ನೇರ ಮೇಲಿಂದ ನೋಡಿದರೆ ಅದು ಪ್ರತಿಫಲಿಸುವುದು ಶೇ. 2ರಷ್ಟು ಬೆಳಕು ಮಾತ್ರ. ನೋಟ ಓರೆಯಾದಷ್ಟೂ ಅದು ಏರುತ್ತದೆ, ಕೊನೆಕೊನೆಗೆ ಧಡಕ್ಕನೆ ಏರುತ್ತದೆ. ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 3 ಮೀಟರ್ ದೂರದ ಸಪಾಟು ನೀರಪೊರೆ ಶೇ. 7ರ ಆಸುಪಾಸು ಆಕಾಶ ತೋರಿಸುತ್ತದೆ, 10 ಮೀಟರಿನಲ್ಲಿ ಶೇ. 38, 20 ಮೀಟರಿನಲ್ಲಿ ಶೇ. 60. ಕಾಲಬುಡದ ಕೆಸರು ಕಂದು, ದೂರದ್ದು ಬೆಳ್ಳಿ. ಇಷ್ಟು ಎಲ್ಲರಿಗೂ ಕಣ್ಣಂದಾಜಿನಲ್ಲೇ ಗೊತ್ತು.

ತಪ್ಪುವುದು ಇಳಿಜಾರಿನಲ್ಲಿ. ಅದೇ 10 ಮೀಟರ್ ದೂರದಲ್ಲಿ, ನಮ್ಮ ಕಡೆ ಮುಖ ಮಾಡಿ 20 ಡಿಗ್ರಿ ವಾಲಿದ ತೋಡಿನ ದಂಡೆ ಇದ್ದರೆ ಅದರ ಪ್ರತಿಫಲನ ಶೇ. 38ರಿಂದ ಶೇ. 6ಕ್ಕೆ ಕುಸಿಯುತ್ತದೆ. ಅಷ್ಟೇ ಅಲ್ಲ, ಪಕ್ಕದ ಸಪಾಟು ಕೆಸರು ದಿಗಂತದ ಹತ್ತಿರದ ತಿಳಿ ಆಕಾಶವನ್ನು ತೋರಿಸುತ್ತಿದ್ದರೆ, ಈ ವಾಲಿದ ದಂಡೆ ತೋರಿಸುವುದು ಸುಮಾರು 50 ಡಿಗ್ರಿ ಮೇಲಿನ ಗಾಢ ನೀಲಿಯನ್ನು. ಒಂದೇ ಕೆಸರು, ಒಂದೇ ತೇವ, ಒಂದೇ ದೂರ. ಒಂದು ಬೆಳ್ಳಿ, ಇನ್ನೊಂದು ತಣ್ಣನೆ ನೀಲಿ ಸೋಕಿದ ಕಡುಗಂದು. ನಿಜವಾದ ಕೆಸರು ಗಾಜಿನಷ್ಟು ನುಣುಪಲ್ಲದ್ದರಿಂದ ಈ ಅಂಕಿಗಳು ಸ್ಥಳದಲ್ಲಿ ಸ್ವಲ್ಪ ಮಂಕಾಗುತ್ತವೆ, ಆದರೆ ಅನುಪಾತದ ದಿಕ್ಕು ಬದಲಾಗುವುದಿಲ್ಲ.

ಆದ್ದರಿಂದ ಹೊಳಪನ್ನು ಪಟ್ಟಿಯುದ್ದಕ್ಕೂ ಎಳೆಯುವಂತಿಲ್ಲ. ದಂಡೆಯ ಪ್ರತಿ ಮಡಿಕೆಯನ್ನೂ ಇದು ಸಪಾಟೋ, ನಮ್ಮ ಕಡೆ ವಾಲಿದ್ದೋ, ಆಚೆ ವಾಲಿದ್ದೋ ಎಂದು ಮೂರಾಗಿ ವಿಂಗಡಿಸಬೇಕು. ಆಚೆ ವಾಲಿದ್ದು ಕಣ್ಣಿಗೆ ಬಿದ್ದರೆ ಅದು ಎಲ್ಲಕ್ಕಿಂತ ತಿಳಿ. ಈ ವಿಂಗಡಣೆಯನ್ನು ಬಣ್ಣ ಮುಟ್ಟುವ ಮೊದಲೇ ತೆಳು ಕಂದಿನಲ್ಲಿ ಗೆರೆ ಎಳೆದು ಮುಗಿಸಿಟ್ಟರೆ ಮುಂದಿನ ಅರ್ಧ ಗಂಟೆ ಉಳಿಯುತ್ತದೆ. ಉಪ್ಪು ಜೌಗಿನದೇ ನೂರಕ್ಕೂ ಹೆಚ್ಚು ಚಿತ್ರ ಬರೆದ ಅಮೆರಿಕದ ಮಾರ್ಟಿನ್ ಜಾನ್ಸನ್ ಹೀಡ್ (1819–1904) ನೆಲ ಸಪಾಟು ಎಂದು ತೋರಿಸಲು ಹುಲ್ಲಿನ ಬಣವೆಗಳನ್ನೂ ಬಳಸಿ ಹರಿಯುವ ತೋಡನ್ನೂ ನೆಚ್ಚಿಕೊಂಡವರು. ಬಣವೆ ಇಲ್ಲದ ಜಾಗದಲ್ಲಿ ಸಪಾಟನ್ನು ಸಾರಿ ಹೇಳಲು ಈ ಹೊಳಪಿನ ತುಂಡುಗಳೇ ಗತಿ.

ಒಂದು ಎಚ್ಚರಿಕೆ: ಪೋಲರೈಸ್ಡ್ ತಂಪುಕನ್ನಡಕ ಹಾಕಿಕೊಂಡು ಜೌಗಿಗೆ ಕೂರಬೇಡಿ. ಸಪಾಟು ನೀರಪೊರೆಯಿಂದ ಓರೆಯಾಗಿ ಬರುವ ಬೆಳಕು ಬಹುಪಾಲು ಅಡ್ಡಡ್ಡ ಧ್ರುವೀಕೃತ (ಅಡ್ಡ ದಿಕ್ಕಿನಲ್ಲೇ ಕಂಪಿಸುವಂಥದ್ದು), ಆ ಕನ್ನಡಕ ತಡೆಯುವುದೇ ಅದನ್ನು. ನೀವು ಬರೆಯಬೇಕಾದ ಹೊಳಪನ್ನು ಗಾಜು ಮೊದಲೇ ಅಳಿಸಿಟ್ಟಿರುತ್ತದೆ, ಆಮೇಲೆ ಚಿತ್ರ ಯಾಕೆ ಸಪ್ಪೆ ಅಂತ ಬಣ್ಣದ ಟ್ಯೂಬಿಗೆ ಬೈಯುವುದು. ಅಗಲ ಅಂಚಿನ ಟೋಪಿ ಸಾಕು, ಅದರ ಅಂಚಿನ ಒಳಬದಿ ಕಪ್ಪೋ ಬೂದೋ ಇದ್ದರೆ ಒಳ್ಳೆಯದು.

ಸಮಯದ ಲೆಕ್ಕ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಆದರೆ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಾವಿಕರ ಹನ್ನೆರಡರ ಲೆಕ್ಕ ಇಲ್ಲೂ ಉಪಯೋಗಕ್ಕೆ ಬರುತ್ತದೆ: ಒಟ್ಟು ಇಳಿತದ ಹನ್ನೆರಡು ಪಾಲಿನಲ್ಲಿ ಗಂಟೆಗಂಟೆಗೆ 1, 2, 3, 3, 2, 1 ಪಾಲು. ಮೂರು-ನಾಲ್ಕನೇ ಗಂಟೆಯಲ್ಲಿ ಬರೆಯಲು ಕೂತರೆ ಅರ್ಧದಷ್ಟು ನೀರು ನಿಮ್ಮ ಕಣ್ಣೆದುರೇ ಖಾಲಿ, ಬರೆದ ಅಂಚು ಬಣ್ಣ ಬೆರೆಸುವಷ್ಟರಲ್ಲಿ ಸುಳ್ಳು. ಕೊನೆಯ ಗಂಟೆ ಮತ್ತು ತಿರುಗಿದ ನಂತರದ ಮೊದಲ ಗಂಟೆ ಸೇರಿ ಎರಡು ಗಂಟೆ ಸಿಗುತ್ತದೆ, ಅದರಲ್ಲಿ ನೀರಿನ ಅಂಚು ಕದಲುವುದು ಕಡಿಮೆ. ದಿನಕ್ಕೆ ಎರಡು ಸಲ ಉಬ್ಬರ ಬರುವ ಕರಾವಳಿಗೆ ಮಾತ್ರ ಈ ಲೆಕ್ಕ. ತೋಡು ಬಹಳ ಒಳನಾಡಿಗೆ ಹೋಗಿದ್ದರೆ ಉಬ್ಬರ-ಇಳಿತದ ವೇಳಾಪಟ್ಟಿಯಲ್ಲಿರುವ ಹೊತ್ತಿಗಿಂತ ಅಲ್ಲಿನದು ತಡ.

ಇದರ ಜೊತೆಗೇ ತೊಡಕೂ ಇದೆ. ಮೇಲ್ಭಾಗದ ಕೆಸರಿನಿಂದ ನೀರು ಇಳಿದು ಬಹಳ ಹೊತ್ತಾಗಿರುತ್ತದೆ, ಬಿಸಿಲು-ಗಾಳಿ ಸೇರಿ ಅದರ ಪೊರೆಯನ್ನು ಕೀಳುತ್ತವೆ. ಪಟ್ಟಿಯ ಮೇಲಂಚು ಮಂಕಾಗುತ್ತ ಬರುತ್ತದೆ, ನೀರಿಗೆ ತಾಗಿದ ಕೆಳಗಿನ ಭಾಗ ಮಾತ್ರ ಹೊಳೆಯುತ್ತಿರುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಹೊಳಪಿನ ನಕ್ಷೆಯನ್ನು ಗಟ್ಟಿ ಮಾಡಿ ಅದಕ್ಕೇ ಕಟ್ಟುಬೀಳುವುದು ಒಂದೇ ದಾರಿ. ಇನ್ನೊಂದು ಬೆರಗು: ಹಗಲಿನ ಇಳಿತದಲ್ಲಿ ಕೆಸರೊಳಗಿನ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಬೆಳಕಿಗಾಗಿ ಮೇಲ್ಮೈಗೆ ಬರುತ್ತವೆ, ಉಬ್ಬರ ಮರಳುವ ಮುಂಚೆ ಮತ್ತೆ ಕೆಳಗಿಳಿಯುತ್ತವೆ. ಬೂದುಗಂದಾಗಿದ್ದ ಕೆಸರು ನಿಧಾನವಾಗಿ ಹೊನ್ನು ಬೆರೆತ ಹಸಿರುಗಂದಾಗುವುದು ಇದರಿಂದ. ಮೊದಲು ಬೆರೆಸಿಟ್ಟ ಗುಡ್ಡೆ ಆಮೇಲೆ ಹೊಂದದಿದ್ದರೆ ಕಣ್ಣಿನ ಮೇಲೆ ಅನುಮಾನ ಬೇಡ, ಒಂದು ಚಿಟಿಕೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಸೇರಿಸಿ.

ಮುಗಿಯದೆ ಉಳಿದರೆ ಮರುದಿನ ಅದೇ ಗಂಟೆಗೆ ಹೋಗಿ ಪ್ರಯೋಜನವಿಲ್ಲ, ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಾಲ್ಕು ದಿನ ಬಿಟ್ಟರೆ ನೀರು ಸರಿ, ಬೆಳಕು ತಪ್ಪು. ಎರಡೂ ಮತ್ತೆ ಕೂಡಿ ಬರುವುದು ಹದಿನಾಲ್ಕು-ಹದಿನೈದು ದಿನಕ್ಕೆ, ಮುಂದಿನ ಪಕ್ಷದ ಅದೇ ತಿಥಿಯ ಆಸುಪಾಸು. ಅಷ್ಟರಲ್ಲಿ ತೆಳುವಾದ ಅಡಿಪದರ ಮುಟ್ಟಿದರೆ ಅಂಟದಷ್ಟು ಒಣಗಿಯೂ ಇರುತ್ತದೆ. ಮೋಡವೊಂದು ಸಹಕರಿಸಬೇಕು, ಅದಕ್ಕೆ ಪಂಚಾಂಗವಿಲ್ಲ.

ಈಗ ಬಣ್ಣ. ಗೆಸ್ಸೊ ಎಂಬ ಬಿಳಿ ಅಸ್ತರು ಹಚ್ಚಿ 220 ನಂಬರಿನ ಮರಳುಕಾಗದದಿಂದ ಉಜ್ಜಿದ ಗಟ್ಟಿ ಪ್ಯಾನೆಲ್, ಮೇಲೆ ಬೆಚ್ಚನೆ ಬೂದಿನ ಮಧ್ಯಮ ಟೋನ್ ಒಣಗಿರಲಿ. ಕೆಸರಿನ ಅಡಿಬಣ್ಣಕ್ಕೆ ಬರ್ಂಟ್ ಸಿಯೆನ್ನ (ಕೆಂಗಂದು) 3 ಪಾಲು, ಅಲ್ಟ್ರಾಮರೀನ್ (ಕಡುನೀಲಿ) 2 ಪಾಲು, ಯೆಲ್ಲೋ ಓಕರ್ 1 ಪಾಲು. ಬಿಳಿ ಬಹಳ ಕಡಿಮೆ. 1 ಕಪ್ಪು, 10 ಬಿಳಿ ಎಂಬ ಅಳತೆಯಲ್ಲಿ ಇದು 3ರ ಹತ್ತಿರ ಕೂರಬೇಕು. ವಾಸನೆರಹಿತ ಸ್ಪಿರಿಟ್ಟಿನಲ್ಲಿ ತೆಳುವಾಗಿಸಿ ಹಚ್ಚಿ, ಬಟ್ಟೆಯಿಂದ ಒತ್ತಿ ಹೆಚ್ಚಾದದ್ದನ್ನು ತೆಗೆಯಿರಿ. ಎಣ್ಣೆ ಇಲ್ಲಿ ಬೇಡವೇ ಬೇಡ. ಆಮೇಲೆ ಹದಿನೈದು-ಇಪ್ಪತ್ತು ನಿಮಿಷ ಅದರ ಕಡೆ ಹೋಗಬಾರದು. ಸ್ಪಿರಿಟ್ ಹಾರಿ ಪದರ ಸ್ವಲ್ಪ ಅಂಟಂಟಾಗಬೇಕು. ಆ ಹೊತ್ತಿಗೆ ಹುಲ್ಲಿನಂಚು ಬರೆದುಕೊಳ್ಳಿ: ತೋಡಿಗೆ ತಾಗಿದ ಸ್ಪಾರ್ಟಿನಾ ಹುಲ್ಲು ಎತ್ತರ, ಒಳಗಿನದು ಗಿಡ್ಡ, ಅದನ್ನು ತಿರುವುಮುರುವು ಮಾಡಿದರೆ ದಂಡೆಯೇ ಕಾಣೆಯಾಗುತ್ತದೆ.

ಹೊಳಪಿನ ಗುಡ್ಡೆಯನ್ನು ಹೊಸದಾಗಿ ಬೆರೆಸಬೇಡಿ. ದಿಗಂತದ ಆಕಾಶಕ್ಕೆ ಬಳಸಿದ ಗುಡ್ಡೆಯಿಂದಲೇ 3 ಪಾಲು ತೆಗೆದು ಅದಕ್ಕೆ ಕೆಸರಿನ ಬಣ್ಣ 1 ಪಾಲು. ಆಕಾಶ 9ರಲ್ಲಿದ್ದರೆ ಇದು 7ರಲ್ಲಿ ನಿಲ್ಲುತ್ತದೆ, ಆ ಎರಡು ಮೆಟ್ಟಿಲೇ ಕೆಸರಿಗೂ ಆಕಾಶಕ್ಕೂ ಇರುವ ವ್ಯತ್ಯಾಸ. ತೋಡಿನ ನೀರಿಗೆ 8 ಬಿಟ್ಟುಕೊಡಿ. ನಮ್ಮ ಕಡೆ ವಾಲಿದ ದಂಡೆಗೆ ಮೇಲಿನ ಆಕಾಶದ ನೀಲಿಯನ್ನು ಕೆಸರಿನ ಗುಡ್ಡೆಗೆ ಬ್ರಷ್ಷಿನ ಮೂಲೆಯಷ್ಟು ಸೇರಿಸಿದರೆ ಆಯಿತು.

ಹಚ್ಚುವ ಕೈ ಮುಖ್ಯ. 12 ಮಿ.ಮೀ. ಅಗಲದ ಮೆತ್ತನೆ ಸಿಂಥೆಟಿಕ್ ಫ್ಲ್ಯಾಟ್ ಬ್ರಷ್, ತುದಿಯಲ್ಲಿ ದಪ್ಪನಾಗಿ ಬಣ್ಣ, ಹಿಡಿ ಪ್ಯಾನೆಲ್‌ಗೆ ಹೆಚ್ಚುಕಡಿಮೆ ಮಲಗಿದಂತೆ. ಒಂದೇ ಸಲ ಅಡ್ಡಡ್ಡ ಎಳೆತ, ಒತ್ತಡವಿಲ್ಲದೆ. ಕಡೆಗೆ ಬಣ್ಣ ತಾನಾಗಿ ಹರಿದು ಚೂರುಚೂರಾಗಬೇಕು, ಆ ಚೂರುಗಳ ನಡುವೆ ಅಡಿಗಂದು ಇಣುಕಿದಾಗಲೇ ಒದ್ದೆ ಎನಿಸುವುದು. ಪ್ರತಿ ಎಳೆತಕ್ಕೂ ಬ್ರಷ್ ಒರೆಸಬೇಕು, ಪ್ರತಿ ಎಳೆತಕ್ಕೂ. ಅಡಿಯ ಕಂದು ಕೂದಲಿಗೆ ಹತ್ತಿರುತ್ತದೆ, ಒರೆಸದೆ ಎಳೆದ ಎರಡನೇ ಗೆರೆ 7ರಿಂದ 5ಕ್ಕೆ ಇಳಿದಿರುತ್ತದೆ. ಅದನ್ನು ಸರಿಮಾಡಲು ಬಿಳಿ ಸೇರಿಸಿದಿರೋ ಸೀಮೆಸುಣ್ಣದ ಬಣ್ಣ ಬರುತ್ತದೆ, ಅಲ್ಲಿಂದ ವಾಪಸ್ ದಾರಿಯಿಲ್ಲ, ನೈಫಿನಿಂದ ಕೆರೆದು ಅಡಿಪದರದಿಂದ ಶುರು. ಹಂದಿಕೂದಲಿನ ಬ್ರಷ್ ಈ ಕೆಲಸಕ್ಕೆ ಆಗದು, ಅದು ಅಡಿಪದರವನ್ನು ಉಳುತ್ತದೆ. ಅಂಚು ಬೆಸೆಯಲು ಫ್ಯಾನ್ ಬ್ರಷ್ ತೆಗೆಯುವ ಚಪಲ ಬಂದರೆ ಅದನ್ನು ಮನೆಯಲ್ಲೇ ಬಿಟ್ಟುಬರುವುದು ಕ್ಷೇಮ.

ಬಣ್ಣದ ವ್ಯಾಪಾರಿಗಳ ವಿಷಯಕ್ಕೆ ಬರೋಣ, ಅಲ್ಲದಿದ್ದರೆ ಇದು ಜೌಗಿನ ಟಿಪ್ಪಣಿ ಆಗುವುದಿಲ್ಲ. ರಾ ಅಂಬರ್ ಎಂಬ ಮಣ್ಣುಗಂದು ಈ ಪಾಕದಿಂದ ಹೊರಬಿದ್ದದ್ದು ಅದರ ದೋಷಕ್ಕಲ್ಲ. ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಹೊರಾಂಗಣಕ್ಕೆ ಹೇಳಿ ಮಾಡಿಸಿದ್ದು. ಆದರೆ ಟ್ಯೂಬಿನ ಮೇಲಿನ ವರ್ಣದ್ರವ್ಯದ ಗುರುತಾದ ಪಿಬಿಆರ್ 7 ಎಂಬ ಒಂದೇ ಸಂಖ್ಯೆಯ ಕೆಳಗೆ ಸಿಯೆನ್ನ, ಅಂಬರ್ ಎಲ್ಲ ಬರುತ್ತವೆ, ಹಸಿರು ಮೂಡಿದ ಕಂದೂ ಬರುತ್ತದೆ, ಕೆಂಪು ಮೂಡಿದ್ದೂ ಬರುತ್ತದೆ. ಅದೇ ಹೆಸರು, ಅದೇ ಲೇಬಲ್, ಹಳೆಯ ಟ್ಯೂಬಿಗೂ ಹೊಸದಕ್ಕೂ ನೆಂಟಸ್ತನವೇ ಇಲ್ಲ. ಕೇಳಿದರೆ ‘ನೈಸರ್ಗಿಕ ಮಣ್ಣು ಸಾರ್’ ಎಂಬ ಉತ್ತರ. ಮಣ್ಣೇ, ಒಪ್ಪೋಣ, ಆದರೆ ಲೇಬಲ್ ನೈಸರ್ಗಿಕವಲ್ಲವಲ್ಲ. ಬಿಳಿಯದ್ದು ಇನ್ನೂ ಜಾಣತನ: ಮುಂದೆ ದಪ್ಪಕ್ಷರದಲ್ಲಿ ಟೈಟೇನಿಯಂ, ಹಿಂದೆ ಇರುವೆ ಗಾತ್ರದಲ್ಲಿ ಪಿಡಬ್ಲ್ಯು 6 ಜೊತೆಗೆ ಪಿಡಬ್ಲ್ಯು 4. ಆ ನಾಲ್ಕು ಎಂದರೆ ಸತು. ಎಣ್ಣೆಯಲ್ಲಿ ಸತುವಿನ ಬಿಳಿ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುವ, ಪದರ ಕಳಚುವ ಸ್ವಭಾವದ್ದು. ದಪ್ಪನೆ ಹೊಳಪಿನ ಎಳೆತಕ್ಕೆ ಅದು ತಕ್ಕದ್ದಲ್ಲ, ಕೊಳ್ಳುವಾಗ ಟ್ಯೂಬಿನ ಬೆನ್ನು ಓದಿ.

ನಡುವೆ ಮುಂದಿನ ಹುಚ್ಚು: ಹುಣ್ಣಿಮೆ ಚಂದ್ರ ಹುಟ್ಟುವಾಗಿನ ಹಸಿ ಕೆಸರು. ಚಂದ್ರ ಮೂಡುವುದು ಸೂರ್ಯಾಸ್ತದ ಹೊತ್ತಿಗೆ, ಇಳಿತವೂ ಆಗಲೇ ಬೇಕು. ಒಂದು ಊರಿನಲ್ಲಿ ಹುಣ್ಣಿಮೆಯ ಉಬ್ಬರ ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಗಡಿಯಾರದ ಹೊತ್ತಿಗೆ ಬರುವುದರಿಂದ ಇದು ಕಾಯುವ ಮಾತಲ್ಲ, ಜಾಗ ಹುಡುಕುವ ಮಾತು. ಹುಣ್ಣಿಮೆಯಂದು ನಡುಮಧ್ಯಾಹ್ನಕ್ಕೆ ಉಬ್ಬರ ತುಂಬುವ ತೋಡು ಬೇಕು, ಅಲ್ಲಿ ಸಂಜೆ ಆರರ ಹೊತ್ತಿಗೆ ಕೆಸರು ಬತ್ತಲಾಗಿರುತ್ತದೆ. ಬೇರೆ ತೋಡಿನಲ್ಲಿ ವರ್ಷವಿಡೀ ಕೂತರೂ ಸಿಗದು. ಪ್ಯಾಲೆಟ್ ದೀಪ ಹಳದಿಯದ್ದಾದರೆ ಬಣ್ಣಗಳ ಹಳದಿ ಕಣ್ಣಿಗೆ ಗೊತ್ತಾಗದೆ ಹಗಲಿನಲ್ಲಿ ಚಿತ್ರ ಬೇರೆಯೇ ಕಾಣುತ್ತದೆ. 4000–5000 ಕೆಲ್ವಿನ್‌ನ ಮಂದ ದೀಪ, ಪ್ಯಾನೆಲ್‌ಗೂ ಪ್ಯಾಲೆಟ್‌ಗೂ ಒಂದೇ ಸಮ ಬೀಳುವಂತೆ. ಟ್ರೈಪಾಡ್ ಕಾಲುಗಳಿಗೆ ಅಂಗೈ ಅಗಲದ ಪ್ಲೈವುಡ್ ಬಿಲ್ಲೆಗಳೂ ಆಗ ಕಡ್ಡಾಯ. ಕತ್ತಲಲ್ಲಿ ಈಸಲ್ ಒಂದು ಕಡೆ ಮುಳುಗುತ್ತಿದ್ದರೆ ದಿಗಂತ ಸೊಟ್ಟಗಾಗುವ ತನಕ ತಿಳಿಯುವುದಿಲ್ಲ. ನೀರು ತಿರುಗುವ ಹೊತ್ತನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ವಾಪಸ್ಸಾಗುವ ದಾರಿಯೂ ಅದೇ ಕೆಸರು.

ಹಗಲಿನ ಪ್ಯಾನೆಲ್‌ನಲ್ಲಿ ಒಂದು ತಕರಾರು ಇನ್ನೂ ಬಾಕಿ: ನೀರು ಕೆಸರಿಗೆ ತಾಗುವ ಗೆರೆ. 8 ಮತ್ತು 7ರ ನಡುವಿನ ಒಂದು ಮೆಟ್ಟಿಲು ಹತ್ತಿರದಲ್ಲಿ ಸಾಕಾಗುತ್ತದೆ, ದೂರದ ತಿರುವಿನಲ್ಲಿ ಕರಗಿಹೋಗುತ್ತದೆ, ಎರಡೂ ಒಂದೇ ಬಿಳಿ ಹಾಳೆ. ಅಲ್ಲಿ ಕಣ್ಣಿಗೆ ಬೇರೆಯಾಗಿ ಕಾಣುವುದು ಟೋನ್ ಅಲ್ಲ, ದಂಡೆಯ ತಲೆಕೆಳಗಾದ ನೆರಳುಬಿಂಬ: ನೀರಿನಲ್ಲಿ ಅದು ನೆಟ್ಟಗೆ, ಚೂಪಾಗಿ ಇಳಿಯುತ್ತದೆ, ಕೆಸರಿನಲ್ಲಿ ಅಡ್ಡಡ್ಡ ಹರಿದು ಮಸುಕಾಗುತ್ತದೆ. ಹೊಳಪನ್ನು ಬಿಟ್ಟು ಬಿಂಬದ ಅಂಚಿನಿಂದಲೇ ಆ ಗೆರೆಯನ್ನು ಹೇಳಿಸಬಹುದೇ ಎಂಬುದು ಮುಂದಿನ ಪರೀಕ್ಷೆ. ಅದಕ್ಕೆ 15×40 ಸೆಂ.ಮೀ.ನ ಉದ್ದನೆ ಪ್ಯಾನೆಲ್, ಅಷ್ಟಮಿ ಹತ್ತಿರದ ಸಣ್ಣ ಇಳಿತ. ಕೆಸರಿನ ಪಟ್ಟಿ ಆಗ ಕಿರಿದು, ನೀರಿನ ಓಟವೂ ನಿಧಾನ, ಬಿಂಬ ಒಂದಿಷ್ಟು ಹೊತ್ತು ನಿಂತ ಕಡೆ ನಿಲ್ಲುತ್ತದೆ. ಬಾಗಿ ಬಂದ ಪ್ಯಾನೆಲ್‌ಗಳನ್ನು ವ್ಯಾಪಾರಿ ಅಷ್ಟರೊಳಗೆ ಬದಲಿಸಿಕೊಟ್ಟರೆ.