ಮೈಸೂರು ನ್ಯಾಯಾಲಯದ ಸ್ಫೋಟ ಮತ್ತು ಎನ್‌ಐಎ ಪಾತ್ರ

2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯ ಆವರಣದ ಶೌಚಾಲಯದಲ್ಲಿ ಬಾಂಬ್ ಸ್ಫೋಟಿಸಿತು. ಅದೇ ವರ್ಷ ಆಂಧ್ರದ ಚಿತ್ತೂರು, ನೆಲ್ಲೂರು ಹಾಗೂ ಕೇರಳದ ಕೊಲ್ಲಂ, ಮಲಪ್ಪುರಂಗಳಲ್ಲಿಯೂ ಇಂಥವೇ ಸ್ಫೋಟಗಳಾಗಿದ್ದವು. ಒಂದೊಂದು ರಾಜ್ಯದ ಪೊಲೀಸರು ತಮ್ಮ ಗಡಿಯೊಳಗಿನ ಸುಳಿವನ್ನಷ್ಟೇ ಹಿಡಿದು ಹೊರಟರೆ ಇವುಗಳ ನಡುವಿನ ನಂಟು ಕಾಣುವುದು ಕಷ್ಟ. ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಬೇಕಾಗುವುದು ಇಲ್ಲಿಯೇ.

2008ರ ನವೆಂಬರ್‌ನ ಮುಂಬೈ ದಾಳಿಯ ಬೆನ್ನಲ್ಲೇ ಬಂದ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯನ್ನು ನಮ್ಮಲ್ಲಿ ಹಲವರು ಗೂಢಚಾರರ ಕಚೇರಿಯೆಂದೇ ಭಾವಿಸಿದ್ದಾರೆ. (ಸುದ್ದಿವಾಹಿನಿಗಳ ಅಬ್ಬರವೂ ಇದಕ್ಕೆ ಕಾರಣವೆನ್ನಬೇಕು.) ಗುಪ್ತ ಮಾಹಿತಿ ಕಲೆಹಾಕುವುದು ಮುಖ್ಯವಾಗಿ ಗುಪ್ತಚರ ದಳದ ಹೊಣೆ; ಎನ್‌ಐಎ ಮಾಡುವುದು ಸಾಕ್ಷ್ಯ ಸಂಗ್ರಹಿಸಿ, ದೋಷಾರೋಪ ಪಟ್ಟಿ ಸಲ್ಲಿಸಿ, ವಿಶೇಷ ನ್ಯಾಯಾಲಯದಲ್ಲಿ ಪ್ರಕರಣ ನಡೆಸುವ ಕೆಲಸ.

ಕಾಯ್ದೆಯ ಪಟ್ಟಿಯಲ್ಲಿರುವ ಅಪರಾಧ ಠಾಣೆಯಲ್ಲಿ ದಾಖಲಾದರೆ ವರದಿಯು ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರವು 15 ದಿನಗಳೊಳಗೆ ಪ್ರಕರಣವನ್ನು ಎನ್‌ಐಎಗೆ ವಹಿಸಬೇಕೇ ಎಂದು ತೀರ್ಮಾನಿಸಬೇಕು, ಅಲ್ಲಿಯವರೆಗೆ ಸ್ಥಳೀಯ ಪೊಲೀಸರೇ ತನಿಖೆ ಮುಂದುವರಿಸಬೇಕು. ಮೊದಲ ಗಂಟೆಗಳ ಸಾಕ್ಷ್ಯ ಉಳಿಯುವುದು ಅವರ ಎಚ್ಚರದಿಂದಲೇ ಎಂಬುದನ್ನು ನಾವು ಮರೆಯುತ್ತೇವೆ.

ಆದರೆ ರಾಜ್ಯದ ವರದಿಗೆ ಕಾಯದೆ ಕೇಂದ್ರವು ತಾನಾಗಿಯೇ ಪ್ರಕರಣ ವಹಿಸಲು ಇರುವ ಅವಕಾಶದ ಬಗ್ಗೆ ನನಗೆ ಅಳುಕಿದೆ. ಕಾನೂನು ಸುವ್ಯವಸ್ಥೆ ರಾಜ್ಯದ ವಿಷಯವಾಗಿರುವಾಗ ಕಾರಣಗಳನ್ನಾದರೂ ಬಹಿರಂಗವಾಗಿ ತಿಳಿಸುವುದು ಉಚಿತ. ಮೈಸೂರಿನ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಮೂವರನ್ನು ತಪ್ಪಿತಸ್ಥರೆಂದು ತೀರ್ಪಿತ್ತದ್ದು 2021ರ ಅಕ್ಟೋಬರ್‌ನಲ್ಲಿ.