ರ‍್ಯಾಮ್ ಆಮೇಲೆ, ಮೊದಲು ಪದ: ಓಪನ್‌ಸರ್ಚ್‌ನಲ್ಲಿ ಕನ್ನಡ ಹುಡುಕಾಟ

ಕನ್ನಡ ಬರಹಗಳಿಗೆ ಸರ್ಚ್ ಕಟ್ಟಲು ಹೊರಟವರು ಮೊದಲು ಕೇಳುವುದು ಸರ್ವರ್ ಬಗ್ಗೆ. ಎಷ್ಟು ರ‍್ಯಾಮ್ ಬೇಕು, ಎಷ್ಟು ಶಾರ್ಡ್ (ಹುಡುಕುವ ದತ್ತಾಂಶದ ತುಂಡು) ಇಡಬೇಕು, ಒಂದು ನೋಡ್ (ಎಂಜಿನ್ ಓಡುವ ಯಂತ್ರ) ಸಾಕಾ ಅಂತ. ನಾನು ಹೇಳುವುದು ಇಷ್ಟೇ: ಅದೆಲ್ಲ ಆಮೇಲೆ ನೋಡೋಣ, ಮೊದಲು "ಮನೆ" ಅಂತ ಹುಡುಕಿ, "ಮನೆಯಲ್ಲಿ" ಇರುವ ಪುಟ ಬರುತ್ತದಾ ನೋಡಿ. ಬರುವುದಿಲ್ಲ. ಹಾಕಿದ ಹಾಗೇ ಬಿಟ್ಟರೆ ಎಂಜಿನ್‌ಗೆ ಇವೆರಡೂ ಸಂಬಂಧವೇ ಇಲ್ಲದ ಎರಡು ಪದ.

ನಾನು ಬಳಸುವುದು ಓಪನ್‌ಸರ್ಚ್ ಅನ್ನುವ ಸರ್ಚ್ ಎಂಜಿನ್. 2021ರಲ್ಲಿ ಇಲಾಸ್ಟಿಕ್‌ಸರ್ಚ್ ಲೈಸೆನ್ಸ್ ಬದಲಾಯಿಸಿದಾಗ ಅಮೆಜಾನ್ ಅದರಿಂದ ಕವಲು ಒಡೆದು ಮಾಡಿದ್ದು ಇದು. ಇಲಾಸ್ಟಿಕ್‌ಸರ್ಚ್, ಸೋಲರ್, ಓಪನ್‌ಸರ್ಚ್ ಮೂರರ ಹೊಟ್ಟೆಯಲ್ಲೂ ಇರುವುದು ಒಂದೇ ಲೂಸೀನ್, ಡಗ್ ಕಟಿಂಗ್ 1999ರಲ್ಲಿ ಶುರು ಮಾಡಿದ ಲೈಬ್ರರಿ. ಹಾಗಾಗಿ ಇಲ್ಲಿ ಹೇಳುವುದು ಹೆಚ್ಚುಕಮ್ಮಿ ಮೂರಕ್ಕೂ ಹೊಂದುತ್ತದೆ, ಸೆಟ್ಟಿಂಗ್ ಬರೆಯುವ ರೀತಿ ಮಾತ್ರ ಬೇರೆ. ಲೂಸೀನ್‌ನಲ್ಲಿ ಹಿಂದಿ, ಬಂಗಾಳಿ, ತಮಿಳು, ತೆಲುಗಿಗೆ ಸಿದ್ಧ ಅನಲೈಸರ್ (ಪಠ್ಯವನ್ನು ಪದಗಳಾಗಿ ಒಡೆದು ಹದ ಮಾಡುವ ಫಿಲ್ಟರ್‌ಗಳ ಸರಪಳಿ) ಇದೆ. ಕನ್ನಡಕ್ಕೆ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ಇದರಿಂದಾಗಿ ಕನ್ನಡ ಸೈಟ್ ಮಾಡುವ ಪ್ರತಿಯೊಬ್ಬರೂ ಅದೇ ಕೆಲಸವನ್ನು ಮತ್ತೆ ಮೊದಲಿಂದ ಮಾಡಬೇಕು.

ಪ್ರಯೋಗ ಮಾಡಿ ನೋಡಲು ಪಠ್ಯ ಬೇಕಿದ್ದರೆ ಕನ್ನಡ ವಿಕಿಪೀಡಿಯದ ಡಂಪ್ (ಲೇಖನಗಳ ಪಠ್ಯ ಇರುವ ಕಡತ) ಇಳಿಸಿಕೊಳ್ಳಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮೊದಲನೇ ತೊಂದರೆ ಕಣ್ಣಿಗೆ ಕಾಣದ ಅಕ್ಷರಗಳದ್ದು. "ಸಾಫ್ಟ್‌ವೇರ್" ಅಂತ ಸರಿಯಾಗಿ ಬರೆಯಲು ನಡುವೆ ಝಡ್‌ಡಬ್ಲ್ಯೂಎನ್‌ಜೆ ಅನ್ನುವ ಕಾಣದ ಗುರುತು ಹಾಕಬೇಕು. ಅರ್ಧ ಜನ ಹಾಕುತ್ತಾರೆ, ಇನ್ನರ್ಧ ಜನ "ಸಾಫ್ಟ್ವೇರ್" ಅಂತ ಬಿಡುತ್ತಾರೆ. "ಸೂರ್ಯ"ವನ್ನು ಅರ್ಕಾವೊತ್ತು ಹಾಕಿ ಬರೆಯುವವರಿದ್ದಾರೆ, "ಸೂರ್‍ಯ" ಅಂತ ಬರೆಯುವವರೂ ಇದ್ದಾರೆ. "ಕೋಟೆ"ಯ ಓಕಾರ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇರಬಹುದು, ಮೂರು ತುಂಡಾಗಿಯೂ ಇರಬಹುದು, ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇದಕ್ಕೆಲ್ಲ ಒಂದೇ ಮದ್ದು ಐಸಿಯು, ಯೂನಿಕೋಡ್ ಪಠ್ಯವನ್ನು ಸಂಭಾಳಿಸುವ ಪ್ಲಗಿನ್. ಅದನ್ನು ಹಾಕಿಕೊಂಡು ಅದರ ನಾರ್ಮಲೈಸರ್ ಅನ್ನು ಕ್ಯಾರೆಕ್ಟರ್ ಫಿಲ್ಟರ್ ಆಗಿ ಸರಪಳಿಯ ಮೊದಲಲ್ಲೇ ಇಟ್ಟರೆ ಸಾಕು, ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ತುಂಡುಗಳು ಕೂಡುತ್ತವೆ, ಕಾಣದ ಗುರುತುಗಳು ಉದುರುತ್ತವೆ. ಜೊತೆಗೆ ಡೆಸಿಮಲ್ ಡಿಜಿಟ್ ಫಿಲ್ಟರ್ ಹಾಕಿ, ೧೯೫೬ ಅಂತ ಹುಡುಕಿದರೂ 1956 ಅಂತ ಹುಡುಕಿದರೂ ಅದೇ ಪುಟ ಬರುತ್ತದೆ. ಹಳೆಗನ್ನಡ ಪಠ್ಯ ಇದ್ದರೆ ಱ ಅನ್ನು ರ ಮಾಡಿ, ೞ ಅನ್ನು ಳ ಮಾಡಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆದ ಕಡತಗಳಿದ್ದರೆ ಅವನ್ನು ಯೂನಿಕೋಡ್‌ಗೆ ಬದಲಾಯಿಸಿಯೇ ಒಳಗೆ ಬಿಡಿ, ಇಲ್ಲಾಂದ್ರೆ ಇಂಡೆಕ್ಸ್ (ಹುಡುಕಲು ಎಂಜಿನ್ ಕಟ್ಟಿಕೊಳ್ಳುವ ಪದಗಳ ಪಟ್ಟಿ) ತುಂಬ ಇಂಗ್ಲಿಷ್ ಅಕ್ಷರದ ಕಸ.

ಇನ್ನು ವಿಭಕ್ತಿ. ಕಷ್ಟ ಇರುವುದು ಇಲ್ಲೇ. ಒಂದು ಲೇಖನದಲ್ಲಿ "ಅರಮನೆಯ" ಒಂಬತ್ತು ಸಲ, "ಅರಮನೆಗೆ" ನಾಲ್ಕು ಸಲ, ಬರೀ "ಅರಮನೆ" ಒಂದು ಸಲ ಇದೆ ಅಂದುಕೊಳ್ಳಿ. ಎಂಜಿನ್ ಲೆಕ್ಕದಲ್ಲಿ ಅಲ್ಲಿ ಅರಮನೆ ಇರುವುದು ಒಂದೇ ಸಲ. ಎರಡೇ ಸಾಲಿನ ಪ್ರವಾಸಿ ತಾಣಗಳ ಪಟ್ಟಿಯಲ್ಲಿ "ಅರಮನೆ" ಎರಡು ಸಲ ಬಂದಿದ್ದರೆ ಅದೇ ಮೇಲೆ ಕೂರುತ್ತದೆ. ಅಂಕ ಕೊಡುವ ಬಿಎಂ25 ಸೂತ್ರದಲ್ಲಿ ಅಪರೂಪದ ಪದಕ್ಕೆ ಬೆಲೆ ಜಾಸ್ತಿ. ಕನ್ನಡದಲ್ಲಿ ಒಂದೇ ಪದ ಹತ್ತಾರು ರೂಪಗಳಲ್ಲಿ ಹಂಚಿಹೋಗುವುದರಿಂದ ಎಲ್ಲವೂ ಅಪರೂಪವಾಗಿಯೇ ಕಾಣುತ್ತವೆ, "ಅರಮನೆಯಲ್ಲೂ" ಅನ್ನುವ ರೂಪಕ್ಕೆ ಸುಮ್ನೆ ದೊಡ್ಡ ತೂಕ ಸಿಕ್ಕಿಬಿಡುತ್ತದೆ. ಅಂದರೆ ವಿಭಕ್ತಿ ಬಿಡಿಸದಿದ್ದರೆ ಪುಟ ಸಿಗದಿರುವುದಷ್ಟೇ ಅಲ್ಲ, ಸಿಕ್ಕ ಪುಟಗಳ ಕ್ರಮವೂ ಕೆಡುತ್ತದೆ.

ನನ್ನ ದಾರಿ ಸರಳ. ಕೊಟ್ಟ ಮಾದರಿಗೆ ಹೊಂದಿದ ಭಾಗವನ್ನು ಬದಲಿಸುವ ಪ್ಯಾಟರ್ನ್ ರಿಪ್ಲೇಸ್ ಫಿಲ್ಟರ್‌ನಲ್ಲಿ ಪ್ರತ್ಯಯಗಳ ಪಟ್ಟಿ, ಉದ್ದದ್ದು ಮೊದಲು: ಗಳಲ್ಲಿ, ಗಳಿಗೆ, ಗಳನ್ನು, ಗಳು, ಯಲ್ಲಿ, ಯಿಂದ, ಯನ್ನು, ಗೆ, ಹೀಗೆ. ಉಕಾರದಲ್ಲಿ ಮುಗಿಯುವ ಪದಗಳಿಗೆ ಇನ್ನೊಂದು ಹೆಜ್ಜೆ ಬೇಕು. "ಊರು", "ಊರಿನಲ್ಲಿ", "ಊರಿಗೆ" ನೋಡಿ. ಸಂಧಿಯಲ್ಲಿ ಉಕಾರ ಬಿದ್ದುಹೋಗಿ ಇಕಾರ ಬಂದಿದೆ. ಆದ್ದರಿಂದ ಕೊನೆಯ ಉಕಾರವನ್ನೂ ತೆಗೆಯಬೇಕು, "ಿನಲ್ಲಿ", "ಿಗೆ"ಗಳನ್ನು ಇಕಾರದ ಸಮೇತ ತೆಗೆಯಬೇಕು. ಆಗ ಮೂರೂ "ಊರ"ಕ್ಕೆ ಬಂದು ನಿಲ್ಲುತ್ತವೆ.

ಈಗ "ಗೆ" ಮಾಡುವ ತರಲೆ ನೋಡಿ. "ಮನೆಗೆ" ಇಂದ "ಮನೆ" ಬರುವುದು ಸರಿ. "ಹೊಗೆ", "ನಗೆ" ಕತ್ತರಿಸಿಹೋಗದಂತೆ ಕನಿಷ್ಠ ಎರಡು ಅಕ್ಷರ ಉಳಿಯಬೇಕು ಅನ್ನುವ ನಿಯಮ ಹಾಕಬಹುದು. ಆದರೆ "ಮಲ್ಲಿಗೆ"? ನಿಯಮ ಎಷ್ಟೇ ತಿದ್ದಿದರೂ ಅದು "ಮಲ್ಲಿ" ಇಲ್ಲವೇ "ಮಲ್ಲ" ಆಗುತ್ತದೆ, "ಸಂಪಿಗೆ"ಗೂ ಅದೇ ಗತಿ. ಪುಟದ ಪದ, ಹುಡುಕುವ ಪದ ಎರಡೂ ಕಡೆ ಒಂದೇ ಥರ ತಪ್ಪಾದರೆ ಪರವಾಗಿಲ್ಲ ಅಲ್ವಾ ಅನ್ನಿಸಬಹುದು. ಹಾಗಾಗುವುದಿಲ್ಲ. "ಮಲ್ಲಿಗೆಯನ್ನು" ಇಂದ "ಯನ್ನು" ಹೋಗಿ "ಮಲ್ಲಿಗೆ" ಉಳಿಯುತ್ತದೆ, ಬರೀ "ಮಲ್ಲಿಗೆ" ಮಾತ್ರ "ಮಲ್ಲಿ" ಆಗಿ ಕೂತಿರುತ್ತದೆ, ಇಬ್ಬರಿಗೂ ಭೇಟಿಯೇ ಆಗುವುದಿಲ್ಲ. ಹಾಗಾಗಿ ಮುಟ್ಟಬಾರದ ಪದಗಳ ಪಟ್ಟಿ ಬೇಕೇ ಬೇಕು. ಇಲ್ಲೊಂದು ಎಚ್ಚರ: ಮುಟ್ಟಬೇಡ ಅಂತ ಕೀವರ್ಡ್ ಮಾರ್ಕರ್ ಫಿಲ್ಟರ್ ಹಾಕಿದ ಗುರುತನ್ನು ಗೌರವಿಸುವುದು ನಿಜವಾದ ಸ್ಟೆಮರ್ (ಪ್ರತ್ಯಯ ಕಳಚುವ) ಫಿಲ್ಟರ್‌ಗಳು ಮಾತ್ರ, ಪ್ಯಾಟರ್ನ್ ರಿಪ್ಲೇಸ್‌ಗೆ ಅದು ಗೊತ್ತೇ ಇಲ್ಲ. ಪ್ಯಾಟರ್ನ್ ರಿಪ್ಲೇಸ್ ಅನ್ನು ಕಂಡೀಷನ್ ಫಿಲ್ಟರ್ ಒಳಗೆ ಸುತ್ತಿ, ಗುರುತು ಇಲ್ಲದ ಪದಕ್ಕೆ ಮಾತ್ರ ಓಡುವ ಹಾಗೆ ಮಾಡಿ. ಪ್ರತಿ ಬದಲಾವಣೆ ಆದಮೇಲೂ ಅನಲೈಝ್ ಎಪಿಐಗೆ ಪದ ಕೊಟ್ಟು ಏನು ಹೊರಗೆ ಬರುತ್ತದೆ ನೋಡಿ. ನನ್ನ ಕೆಲಸದ ಹೆಚ್ಚಿನ ಸಮಯ ಹೋಗುವುದು ಅಲ್ಲೇ.

ಸ್ಟೆಮ್ ಮಾಡಿದ ಫೀಲ್ಡ್ ಒಂದನ್ನೇ ನಂಬಬೇಡಿ. ಅದೇ ಪಠ್ಯವನ್ನು ಇದ್ದ ಹಾಗೇ ಇನ್ನೊಂದು ಸಬ್‌ಫೀಲ್ಡ್‌ನಲ್ಲಿ ಇಟ್ಟು, ಅಲ್ಲಿ ಹೊಂದಿದರೆ ಜಾಸ್ತಿ ಅಂಕ ಕೊಡಿ. ಪದವನ್ನು ಅದರ ಶುರುವಿನ ತುಂಡುಗಳಾಗಿ ಒಡೆಯುವ ಎಡ್ಜ್ ಎನ್‌ಗ್ರಾಮ್ ಬಳಸುವುದಾದರೆ ಹುಡುಕುವ ಕಡೆಗೆ ಬೇರೆ ಅನಲೈಸರ್ ಕೊಡಲೇಬೇಕು, ಇಲ್ಲದಿದ್ದರೆ "ಮನೆ" ಅನ್ನುವುದು "ಮ", "ಮನ", "ಮನೆ" ಅಂತ ಒಡೆದು ಮಕಾರದಿಂದ ಶುರುವಾಗುವ ಪದ ಇರುವ ಪುಟಗಳೆಲ್ಲ ಬಂದು ಬೀಳುತ್ತವೆ. ಇನ್ನೊಂದು ವಿಷಯ, ಎಂಜಿನ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. "ಕ್ಷೇತ್ರ" ನಮಗೆ ಎರಡು ಅಕ್ಷರ, ಅದಕ್ಕೆ ಏಳು. "ಬೆಂಗಳೂರು" ನಮಗೆ ನಾಲ್ಕು, ಅದಕ್ಕೆ ಎಂಟು. ಹಾಗಾಗಿ "ಊರ"ದಿಂದ ಶುರುವಾಗುವ ಪದ ಕೇಳಿದರೆ "ಊರ್ಮಿಳೆ"ಯೂ ಬಂದು ನಿಲ್ಲುತ್ತಾಳೆ.

ಫಜಿನೆಸ್‌ಗೂ, ಅಂದರೆ ಟೈಪ್ ಮಾಡಿದ ತಪ್ಪನ್ನು ಸಹಿಸಿಕೊಳ್ಳುವುದಕ್ಕೂ, ಇದೇ ಲೆಕ್ಕ. ಆಟೋ ಅಂತ ಇಟ್ಟರೆ 3ರಿಂದ 5 ಸಂಕೇತದ ಪದಕ್ಕೆ ಒಂದು ತಪ್ಪು, ಅದಕ್ಕಿಂತ ಉದ್ದ ಇದ್ದರೆ ಎರಡು ತಪ್ಪು ಬಿಡುತ್ತದೆ. ಇಂಗ್ಲಿಷಿಗೆ ಇದು ಸರಿಯಾಗಿಯೇ ಇದೆ. ಕನ್ನಡದಲ್ಲಿ "ಮನೆ"ಯೇ 3 ಸಂಕೇತ, ಒಂದು ತಪ್ಪು ಬಿಟ್ಟರೆ "ಮಳೆ", "ಮನ", "ಮನು", "ಮೊನೆ" ಎಲ್ಲ ಒಳಗೆ ಬರುತ್ತವೆ. ನಾನು ಪ್ರಿಫಿಕ್ಸ್ ಲೆಂತ್ (ಶುರುವಿನ ಎಷ್ಟು ಸಂಕೇತ ತಪ್ಪಿಲ್ಲದೆ ಹೊಂದಬೇಕು ಅನ್ನುವುದು) 2 ಮಾಡಿ, 6 ಸಂಕೇತಕ್ಕಿಂತ ಚಿಕ್ಕ ಪದಗಳಿಗೆ ಫಜಿನೆಸ್ ಕೊಡುವುದೇ ಇಲ್ಲ. ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳಿಗೆ, ಧಾರವಾಡವನ್ನು "ದಾರವಾಡ" ಅಂತ ಟೈಪ್ ಮಾಡುವಂಥವಕ್ಕೆ, ಫಜಿ ಬೇಡ. ಮಹಾಪ್ರಾಣವನ್ನೆಲ್ಲ ಅಲ್ಪಪ್ರಾಣ ಮಾಡಿದ ಇನ್ನೊಂದು ಸಬ್‌ಫೀಲ್ಡ್ ಮಾಡಿ, ಕಡಿಮೆ ತೂಕ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಬಿಎಂ25ರ ಎರಡು ಗುಂಡಿಗಳಲ್ಲಿ ಪದ ಮತ್ತೆ ಮತ್ತೆ ಬಂದರೆ ಅಂಕ ಎಷ್ಟು ಏರಬೇಕು ಅನ್ನುವ ಕೆ1 ಡಿಫಾಲ್ಟ್ 1.2, ಪುಟದ ಉದ್ದವನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ಬಿ ಡಿಫಾಲ್ಟ್ 0.75. ಕೆ1 ಮುಟ್ಟುವ ಅಗತ್ಯ ನನಗೆ ಕಂಡಿಲ್ಲ. ಬಿ ಮಾತ್ರ ಇಳಿಸುತ್ತೇನೆ, ಯಾಕಂದ್ರೆ ಅದು ಚಿಕ್ಕ ಪುಟಗಳನ್ನು ಮೇಲೆತ್ತುತ್ತದೆ, ಮತ್ತು ವಿಕಿಪೀಡಿಯದಲ್ಲಿ ಎರಡು ಸಾಲಿನ ಚುಟುಕು ಪುಟಗಳಿಗೆ ಬರವಿಲ್ಲ. 0.4ರ ಆಸುಪಾಸು ಇಟ್ಟು ನೋಡಿ.

ಸರ್ವರ್ ವಿಷಯ ಈಗ ಹೇಳಬಹುದು. ಜಾವಾ ಹೀಪ್‌ಗೆ (ಎಂಜಿನ್ ತನಗಾಗಿ ಹಿಡಿದಿಟ್ಟುಕೊಳ್ಳುವ ಜಾಗಕ್ಕೆ) ಯಂತ್ರದ ಅರ್ಧಕ್ಕಿಂತ ಜಾಸ್ತಿ ರ‍್ಯಾಮ್ ಕೊಡಬೇಡಿ, ಉಳಿದದ್ದು ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್‌ಗೆ ಬೇಕು, ಲೂಸೀನ್ ಇಂಡೆಕ್ಸ್ ಓದುವುದು ಅದರ ಮೂಲಕವೇ. ಚಿಕ್ಕ ಸಂಗ್ರಹಕ್ಕೆ ಒಂದೇ ಶಾರ್ಡ್ ಸಾಕು. ರಾಶಿ ಪಠ್ಯ ಒಮ್ಮೆಗೇ ತುಂಬುವಾಗ ರಿಫ್ರೆಶ್ ಇಂಟರ್ವಲ್ (ಹೊಸ ಪಠ್ಯವನ್ನು ಹುಡುಕಾಟಕ್ಕೆ ತೆರೆಯುವ ಅಂತರ) ಅನ್ನು -1 ಮಾಡಿ, ರೆಪ್ಲಿಕಾ (ಶಾರ್ಡ್‌ನ ನಕಲು) 0 ಮಾಡಿ, ಮುಗಿದ ಮೇಲೆ ವಾಪಸ್ ಇಡಿ. ಡಿಸ್ಕ್ 95% ತುಂಬಿದರೆ ಇಂಡೆಕ್ಸ್‌ಗೆ ಬರೆಯುವುದು ನಿಂತುಹೋಗುತ್ತದೆ, ಅದಕ್ಕೆ ಮೊದಲೇ ಅಲರ್ಟ್ ಇರಲಿ. ಎಂಜಿನ್ ಜೊತೆ ಮಾತಾಡುವ 9200 ಪೋರ್ಟನ್ನು ಯಾವ ಕಾರಣಕ್ಕೂ ಇಂಟರ್ನೆಟ್‌ಗೆ ತೆರೆದಿಡಬೇಡಿ. ಅನಲೈಸರ್ ಬದಲಾದಾಗಲೆಲ್ಲ ರೀಇಂಡೆಕ್ಸ್ ಮಾಡಬೇಕಾಗುತ್ತದೆ, ಆದ್ದರಿಂದ ಆ್ಯಪ್ ಯಾವಾಗಲೂ ಏಲಿಯಾಸ್ (ಇಂಡೆಕ್ಸ್‌ಗೆ ಕೊಟ್ಟ ಅಡ್ಡಹೆಸರು) ಮೂಲಕವೇ ಮಾತಾಡಲಿ. ಹೊಸ ಇಂಡೆಕ್ಸ್ ಪಕ್ಕದಲ್ಲಿ ಕಟ್ಟಿ, ಆಮೇಲೆ ಏಲಿಯಾಸ್ ತಿರುಗಿಸಿ. ಓದುಗರಿಗೆ ಗೊತ್ತೇ ಆಗುವುದಿಲ್ಲ.

ಯಾವ ಗುಂಡಿ ತಿರುಗಿಸಿದರೂ ಉತ್ತಮವಾಯಿತಾ ಅಂತ ಹೇಳಬೇಕಾದ್ದು ಹುಡುಕುವವರು. ಶೂನ್ಯ ಫಲಿತಾಂಶ ಬಂದ ಹುಡುಕಾಟಗಳ ಲಾಗ್ ಇಟ್ಟುಕೊಂಡು ಓದಿ. ಜನ "ಮೈಸೂರು ಅರಮನೆ" ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ ಅಂತ ಗೊತ್ತಾಗುವುದು ಅಲ್ಲೇ. ಐಸಿಯು ಪ್ಲಗಿನ್‌ನಲ್ಲೇ ಕನ್ನಡದಿಂದ ಲ್ಯಾಟಿನ್‌ಗೆ ಲಿಪ್ಯಂತರ ಇದೆ, ಅದಕ್ಕೊಂದು ಸಬ್‌ಫೀಲ್ಡ್ ಕೊಟ್ಟರೆ "ಅರಮನೆ" ಸಿಕ್ಕಿಬಿಡುತ್ತದೆ. ಊರಿನ ಹೆಸರುಗಳಿಗೆ ಮಾತ್ರ ಸಿನೊನಿಮ್ (ಸಮಾನಪದ) ಪಟ್ಟಿ ಬೇಕು, ಮೈಸೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಯಾವ ನಿಯಮಕ್ಕೂ ಸಿಗುವುದಿಲ್ಲ. ಆ ಪಟ್ಟಿಯನ್ನು ಹುಡುಕುವ ಕಡೆಗೇ ಇಡಿ, ಬದಲಾದಾಗ ರೀಇಂಡೆಕ್ಸ್ ತಪ್ಪುತ್ತದೆ.

ನನಗಿನ್ನೂ ಬಗೆಹರಿಯದೆ ಉಳಿದಿರುವುದು ಆದೇಶ ಸಂಧಿ. "ಕಾಲ" ಹುಡುಕಿದರೆ "ಮಳೆಗಾಲ" ಸಿಗಬೇಕು, ಆದರೆ ಕಕಾರ ಗಕಾರವಾಗಿದೆ. ಕೂಡಿದ ಪದಗಳನ್ನು ಪದಪಟ್ಟಿ ನೋಡಿ ಒಡೆಯುವ ಡಿಕ್ಷನರಿ ಡಿಕಾಂಪೌಂಡರ್ ಫಿಲ್ಟರ್‌ಗೆ "ಗಾಲ"ವನ್ನೂ ಪದವಾಗಿ ಕೊಟ್ಟು, ಅದನ್ನು "ಕಾಲ"ಕ್ಕೆ ಸಿನೊನಿಮ್ ಮಾಡಿ ನೋಡುತ್ತಿದ್ದೇನೆ. ಬೇಸಿಗೆಗಾಲ, ಚಳಿಗಾಲ, ಬರಗಾಲ ಸಿಗುತ್ತಿವೆ. ಆದರೆ ಪೂರ್ತಿ ಪಠ್ಯಕ್ಕೆ ಇದನ್ನು ಬಿಟ್ಟರೆ ಎಲ್ಲೆಲ್ಲೋ ಒಡೆಯುತ್ತದೆ, ಸದ್ಯಕ್ಕೆ ಶೀರ್ಷಿಕೆಗಳಿಗೆ ಮಾತ್ರ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿ ಕಂಡವರಿದ್ದರೆ ದಯವಿಟ್ಟು ಹೇಳಿ.