ಸೊಂಟ ನೋವಾದರೆ ಕೆಲಸಗಾರರನ್ನೇ ಯಾಕೆ ಬೈಯ್ಯಬೇಕು?

ಕಾರ್ಖಾನೆಯಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಮೊದಲು ಕೇಳಿಬರುವ ಮಾತು ಒಂದೇ: "ಸರಿಯಾಗಿ ಎತ್ತಲಿಲ್ಲ, ಮಂಡಿ ಮಡಚಬೇಕಿತ್ತು." ಇದು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನೆಲದ ಮೇಲಿನ ಪ್ಯಾಲೆಟ್‌ನಿಂದ (ಸರಕು ಪೇರಿಸುವ ತಟ್ಟೆಯಂಥ ಹಲಗೆ) ಇಡೀ ಶಿಫ್ಟು ಪೆಟ್ಟಿಗೆ ಎತ್ತುವವರು ಪ್ರತಿ ಸಲ ಕುಕ್ಕರಗಾಲಲ್ಲಿ ಕೂತು ಏಳೋಕೆ ಆಗುತ್ತಾ? ಅಷ್ಟು ಹೊತ್ತು ಲೈನ್ ಕಾಯುವುದಿಲ್ಲ. ಬರೀ ಎತ್ತುವ ತರಬೇತಿ ಕೊಟ್ಟರೆ ಸೊಂಟ ನೋವು ತಪ್ಪುವುದಿಲ್ಲ ಅಂತ ಅಧ್ಯಯನಗಳೂ ಮತ್ತೆ ಮತ್ತೆ ತೋರಿಸಿವೆ.

ನಾವು ತೂಕವನ್ನಷ್ಟೇ ನೋಡುತ್ತೇವೆ. ಆದರೆ ಹೊರೆ ಮೈಯಿಂದ ಎಷ್ಟು ದೂರ ಇದೆ ಅನ್ನೋದೂ ಅಷ್ಟೇ ಮುಖ್ಯ. ಬೆನ್ನಿನ ಸ್ನಾಯುಗಳು ಬೆನ್ನೆಲುಬಿಗೆ ಅಂಟಿಕೊಂಡಂತೆ ಇರುತ್ತವೆ, ಹೊರೆ ಮಾತ್ರ ಕೈ ಚಾಚಿದಷ್ಟು ಮುಂದೆ ಇರುತ್ತದೆ, ಹಾಗಾಗಿ ಅದನ್ನು ಸರಿದೂಗಿಸಲು ಸ್ನಾಯುಗಳು ಹೊರೆಯ ಎಷ್ಟೋ ಪಟ್ಟು ಬಲ ಹಾಕಿ ಎಳೆಯಬೇಕು, ಆ ಒತ್ತಡವೆಲ್ಲ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಮೇಲೆ ಬೀಳುತ್ತದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಷ್ (NIOSH) 1991ರಲ್ಲಿ ಪರಿಷ್ಕರಿಸಿದ ಲೆಕ್ಕ ಇದೆ. ಎಲ್ಲ ಅನುಕೂಲವಾಗಿದ್ದರೂ ಕೈಯಲ್ಲಿ ಎತ್ತುವ ಮಿತಿ 23 ಕೆಜಿ. ಅದೇ ಹೊರೆ ಮೈಯಿಂದ 50 ಸೆಂಟಿಮೀಟರ್ ದೂರ ಇದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಸೊಂಟ 90 ಡಿಗ್ರಿ ತಿರುಗಿಸಬೇಕಾಗಿ ಬಂದರೆ ಸುಮಾರು 8 ಕೆಜಿ ಅಷ್ಟೇ! ನೆಲದಿಂದ ಎತ್ತುವುದು, ನಿಮಿಷಕ್ಕೆ ಎಷ್ಟು ಸಲ, ಹಿಡಿಯಲು ಹಿಡಿಕೆ ಇದೆಯಾ, ಇವನ್ನೆಲ್ಲ ಸೇರಿಸಿದರೆ ಇನ್ನೂ ಕಡಿಮೆ. ಅಂದರೆ "ಹಗುರ ಪೆಟ್ಟಿಗೆ ತಾನೇ" ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಸರಕು ಎತ್ತಿ ಸಾಗಿಸುವ ಗಾಡಿ ಫೋರ್ಕ್‌ಲಿಫ್ಟ್ ಓಡಿಸುವವರು ಕೈಯಲ್ಲಿ ಏನೂ ಎತ್ತುವುದಿಲ್ಲ, ಆದರೂ ಅವರಿಗೆ ಸೊಂಟ ನೋವು ಜಾಸ್ತಿ. ಸೀಟಿನಿಂದ ಬರುವ ಅದುರು, ಗಂಟೆಗಟ್ಟಲೆ ಕೂರುವುದು, ರಿವರ್ಸ್‌ಗೆ ಕತ್ತು ಸೊಂಟ ಎರಡೂ ತಿರುಗಿಸುವುದು. ಒಳ್ಳೆಯ ಸೀಟು ಹಾಕಿಸಿ, ಗುಂಡಿ ಬಿದ್ದ ನೆಲ ಸರಿಮಾಡಿಸಿ ಅಂತ ಕೇಳುವುದು ಅತಿಯಾಸೆ ಅಲ್ಲ ಅಲ್ವಾ?

ಸೊಂಟದ ಬೆಲ್ಟ್ ಹಂಚಿ ಕೈ ತೊಳೆದುಕೊಳ್ಳಬೇಡಿ. ನೋವಿಲ್ಲದವರಿಗೆ ಅದು ನೋವು ಬರದಂತೆ ಕಾಪಾಡುತ್ತದೆ ಅನ್ನಲು ಆಧಾರ ಇಲ್ಲ. ಆ ದುಡ್ಡಲ್ಲಿ ಪ್ಯಾಲೆಟ್ ಅನ್ನು ಸೊಂಟದ ಎತ್ತರಕ್ಕೆ ತರುವ ಲಿಫ್ಟ್ ಟೇಬಲ್ ತನ್ನಿ. ಎಲ್ಲಿಡಬೇಕು ಅಂತ ಆ ಕೆಲಸ ಮಾಡುವವರನ್ನೇ ಕೇಳಿ, ಯಾವ ರ‍್ಯಾಕ್ ಕಾಟ ಕೊಡುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಈಗಾಗಲೇ ನೋವಿರುವವರು ವಾರಗಟ್ಟಲೆ ಸುಮ್ನೆ ಮಲಗಬೇಡಿ, ಆದಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ತೊಡೆಸಂದಿನಲ್ಲಿ ಜೋಮು, ಕಾಲಲ್ಲಿ ಶಕ್ತಿ ಕುಂದುವುದು, ಮೂತ್ರದ ಹತೋಟಿ ತಪ್ಪುವುದು, ಇದರಲ್ಲಿ ಯಾವುದು ಕಂಡರೂ ಶಿಫ್ಟ್ ಮುಗಿಯಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.